ಕಿವಿಯೊಳಗಿನ ನೀರು, ಕಳಸದ ನೀರು

ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಇಳಿದು ಟ್ರಂಕನ್ನು ನೆಲಕ್ಕಿಟ್ಟವಳು ಅದರ ಮೇಲೆಯೇ ಕುಳಿತುಬಿಟ್ಟೆ. ತಲೆ ಗಿರ್ರನೆ ತಿರುಗುತ್ತಿತ್ತು. ಹೊಸಪೇಟೆಯಿಂದ ಕುಲುಕಿಸಿಕೊಂಡು ಬಂದ ಮೀಟರ್ ಗೇಜ್ ರೈಲಿನದು ಅರ್ಧ ತಪ್ಪು, ಉಳಿದರ್ಧ ಇಲ್ಲಿನ ಆಕಾಶದ್ದು. ನಮ್ಮ ಕಾರ್ಕಳದ ಕಡೆ ಕಣ್ಣು ಹಾಯಿಸಿದರೆ ಒಂದು ಗುಡ್ಡವೋ, ತೆಂಗಿನ ಮರವೋ, ಪಕ್ಕದ ಮನೆಯ ಹಂಚೋ ಅಡ್ಡ ಬರುತ್ತದೆ. ಇಲ್ಲಿ ಹೋದ ಕಣ್ಣು ಹೋಗುತ್ತಲೇ ಇರುತ್ತದೆ, ಎಲ್ಲಿಯೂ ಆತುಕೊಳ್ಳಲಿಕ್ಕೆ ಏನೂ ಇಲ್ಲ.

ಶೇಂಗಾ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ನಿಂತಳು. "ಯಾಕ್ರಿ ಯಕ್ಕಾ, ತಲಿ ತಿರುಗಾಕತ್ತೈತೇನ್ರಿ? ಸಾವಕಾಶ ಕುಂದರ್ರಿ. ಭೂಮಿ ಎಲ್ಲಿಗೂ ಓಡಿ ಹೋಗಂಗಿಲ್ಲ!" ಎಂದು ನಕ್ಕು ಮುಂದೆ ಹೋದಳು. ಈ ಊರು ನನಗೆ ಹೇಳಿದ ಮೊದಲ ಮಾತು ಅದು.

ನಾನು ಬಂದದ್ದು ಇಲ್ಲಿನ ಅಂಧ ಮಕ್ಕಳ ವಸತಿ ಶಾಲೆಗೆ ಟೀಚರಾಗಿ. ಈಗ ಮೂರನೆಯ ಬೇಸಿಗೆ ನಡೆಯುತ್ತಿದೆ. ಬಾಡಿಗೆಗೆ ಸಿಕ್ಕಿದ್ದು ನೀಲಮ್ಮನವರ ಮಾಳಿಗೆ ಮನೆಯ ಒಂದು ಕೋಣೆ. ಮಾಳಿಗೆ ಎಂದರೆ ಮಣ್ಣು ಹಾಸಿದ ಚಪ್ಪಟೆ ಸೂರು. ಬೇಸಿಗೆಯಲ್ಲಿ ಊರಿಗೆ ಊರೇ ಅದರ ಮೇಲೆ ಮಲಗುತ್ತದೆ. ನಮ್ಮ ಹಂಚಿನ ಮಾಡಿನ ಮೇಲೆ ಮಲಗಿದರೆ ಬೆಳಿಗ್ಗೆ ಅಂಗಳದಲ್ಲಿ ಹೆಕ್ಕಿಕೊಳ್ಳಬೇಕಾದೀತು ಎಂದು ಹೇಳಿದಾಗ ನೀಲಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲ ವಾರ ಕುಚ್ಚಲಕ್ಕಿ ಗಂಜಿ ನೆನೆದು ಅಳು ಬರುತ್ತಿತ್ತು. ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೊಂದಿಷ್ಟು ಎಣ್ಣೆ ಕಂಡರೆ ನಾಚಿಕೆ ಬಿಟ್ಟು ಇನ್ನೊಂದು ಕೇಳುತ್ತೇನೆ. ಮಕ್ಕಳು ನನ್ನ "ಉಂಟು" ಕೇಳಿದೊಡನೆ "ಐತ್ರೀ" ಎಂದು ಒಕ್ಕೊರಲಿನಿಂದ ತಿದ್ದುತ್ತಾರೆ. ಇಲ್ಲಿ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಮ್ಮಲ್ಲಿ ಟೀಚರು ಟೀಚರೇ. ಕರೆಯುವಾಗಲೇ ನೆಂಟಸ್ತಿಕೆ ಹಚ್ಚಿಬಿಡುವ ಜನ ಇವರು.

ತರಬೇತಿಯಲ್ಲಿ ನಮಗೆ ಬ್ರೈಲ್ ಕಲಿಸಿದ್ದರು, ಬಿಳಿ ಕೋಲು ಹಿಡಿದು ನಡೆಸುವುದನ್ನು ಕಲಿಸಿದ್ದರು. ಹುಲಿಗೆವ್ವನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಹುಲಿಗೆವ್ವ ಹಂಪಸಾಗರದ ಕುರಿ ಸಾಕುವ ಮನೆಯ ಹುಡುಗಿ. ಸಣ್ಣವಳಿದ್ದಾಗ ಬಂದ ಜ್ವರವೊಂದು ಅವಳ ಕಣ್ಣನ್ನೂ, ಕಿವಿಯೊಳಗೆ ಮೈಯ ಸಮತೋಲ ಹಿಡಿಯುವ ಭಾಗವನ್ನೂ ಕೆಡಿಸಿಹೋಗಿತ್ತು. ಕೇಳುವುದಕ್ಕೇನೂ ಕೊರತೆಯಿಲ್ಲ. ಬಳ್ಳಾರಿಯ ಡಾಕ್ಟರರು ನನಗೆ ತಿಳಿಯುವ ಹಾಗೆ ಹೇಳಿದರು: "ಎಲ್ಲರ ಕಿವಿಯೊಳಗೂ ಒಂದು ಹನಿ ನೀರಿರುತ್ತದೆ. ನಾವು ನೆಟ್ಟಗಿದ್ದೇವೋ ವಾಲಿದ್ದೇವೋ ಅಂತ ಅದು ಹೇಳುತ್ತದೆ. ಇವಳದು ತಪ್ಪು ಹೇಳುತ್ತದೆ. ಕಣ್ಣಿದ್ದವರು ನೋಡಿ ಸರಿಮಾಡಿಕೊಳ್ಳುತ್ತಾರೆ. ಇವಳಿಗೆ ಅದೂ ಇಲ್ಲ."

ಬೇರೆ ಮಕ್ಕಳು ಕೋಲು ತಟ್ಟುತ್ತ ಅಂಗಳದಲ್ಲಿ ಓಡಾಡುವಾಗ ಇವಳು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡು ಸರಿಯುತ್ತಿದ್ದಳು. ಕೈಗೆ ಕೋಲು ಕೊಟ್ಟರೆ ಅಲ್ಲಾಡುವ ಇನ್ನೊಂದು ವಸ್ತು ಕೊಟ್ಟಂತಾಗುತ್ತಿತ್ತು. ಯಾರಾದರೂ ಹಿಂದಿನಿಂದ "ಏ ಹುಲಿಗೀ!" ಎಂದು ಕೂಗಿದರೆ ಗಕ್ಕನೆ ತಿರುಗಿ ಬೀಳುವಳು. ಬಯಲುಸೀಮೆಯ ಜನರಿಗೋ ದೂರದಿಂದ ಕೂಗದೆ ಮಾತೇ ಹೊರಡುವುದಿಲ್ಲ! ಎದುರಿಗೆ ಬಂದು ಭುಜ ಮುಟ್ಟಿದ ಮೇಲೆ ಮಾತಾಡಬೇಕು ಎಂದು ಅಡುಗೆಯವರಿಂದ ಹೆಡ್ ಮಾಸ್ತರರವರೆಗೆ ಎಲ್ಲರಿಗೂ ಕಟ್ಟಪ್ಪಣೆ ಮಾಡಿದೆ. ನನ್ನ ನಾಲಿಗೆಗೆ ಹೆದರಿ ಕಲಿತರು. ಚಪ್ಪಲಿ ಬಿಡಿಸಿದೆ, ಅಂಗಾಲಿಗೆ ನೆಲ ಗೊತ್ತಾಗಲಿ ಎಂದು. ಗೋಡೆಗೆ ಮೈ ಆನಿಸುವ ಬದಲು ಒಂದು ಬೆರಳು ಮಾತ್ರ ತಾಗಿಸಲು ಹೇಳಿದೆ. ಗೋಡೆ ಮುಗಿದಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಅಂಗಳದ ನಡುವೆ ಒಂದು ಹೆಜ್ಜೆ ಇಡು ಎಂದರೆ ಗಡಗಡ ನಡುಗುವಳು.

ದಾರಿ ತೋರಿಸಿದ್ದು ಹತ್ತಿ. ಶಾಲೆಯ ಹಿಂದೆಯೇ ಹತ್ತಿ ಮಿಲ್ಲು. ಹತ್ತಿ ಹೊಲದಿಂದ ಬಟ್ಟೆಯವರೆಗೆ ಹೇಗೆ ಹೋಗುತ್ತದೆಂದು ಮುಟ್ಟಿ ತಿಳಿಯಲಿ ಎಂದು ಒಂದು ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಇಲ್ಲಿ ಹತ್ತಿ ತುಂಬುವುದೇ ಒಂದು ಚೆಂದ. ಅಂಡಿಗೆ ಎಂಬ ದೊಡ್ಡ ಚೀಲವನ್ನು ಮರದ ಚೌಕಟ್ಟಿಗೆ ಬಾಯ್ತೆರೆದು ನೇತುಹಾಕುತ್ತಾರೆ. ಒಬ್ಬ ಒಳಗಿಳಿದು, ಮೇಲಿನಿಂದ ಸುರಿದ ಹತ್ತಿಯನ್ನು ಕುಣಿಯುತ್ತ ತುಳಿಯುತ್ತಾನೆ. ಮಕ್ಕಳೆಲ್ಲ ನಾ ಮುಂದು ತಾ ಮುಂದು ಎಂದು ಇಳಿದು ತುಳಿದರು. ಗೋಡೆ ಹಿಡಿದು ನಿಂತಿದ್ದ ಹುಲಿಗೆವ್ವ ಆ ಗದ್ದಲ ಕೇಳಿ, "ಅಕ್ಕೋರ, ಅದರಾಗ ಬಿದ್ರ ಏನಾಕ್ಕೈತ್ರಿ?" ಎಂದಳು.

"ಏನೂ ಆಗುದಿಲ್ಲ ಮಾರಾಯ್ತಿ. ಬೀಳ್ಲಿಕ್ಕೆ ಜಾಗವೇ ಇಲ್ಲ."

"ಹಂಗಾದ್ರ ನನ್ನೂ ಇಳಸ್ರಿ."

ಇಳಿಸಿದೆವು. ಎಡಕ್ಕೆ ವಾಲಿದರೆ ಚೀಲ ಹಿಡಿಯಿತು, ಬಲಕ್ಕೆ ವಾಲಿದರೂ ಹಿಡಿಯಿತು. ಮುಗ್ಗರಿಸಿದರೆ ಹತ್ತಿ. ಸ್ವಲ್ಪ ಹೊತ್ತಿನಲ್ಲಿ ಅವಳು ಕೈಬಿಟ್ಟು ಕುಣಿಯುತ್ತಿದ್ದಳು, ತಲೆಯ ತುಂಬ ಹತ್ತಿ, ಬಾಯಿ ತುಂಬ ನಗು. ಅವಳು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ನನಗೂ ಕುಣಿಯಬೇಕೆನ್ನಿಸಿತು. ಸೀರೆ ಉಟ್ಟಿದ್ದರಿಂದ ಸುಮ್ಮನಾದೆ.

ಮರುದಿನವೇ ಮಿಲ್ಲಿನವರಿಂದ ಹಳೆಯ ಅಂಡಿಗೆಯೊಂದನ್ನು ಕಾಡಿ ಬೇಡಿ ತಂದು ಶಾಲೆಯ ಬೇವಿನ ಮರಕ್ಕೆ ಕಟ್ಟಿಸಿದೆ. ಹುಲಿಗೆವ್ವ ದಿನಾ ಸಂಜೆ ಅದರೊಳಗೆ ನಿಂತಳು, ಕೂತಳು, ಮೆಲ್ಲಗೆ ತಲೆ ತಿರುಗಿಸುವುದನ್ನು ಕಲಿತಳು. ಚೀಲದ ಬಾಯಿಯನ್ನು ಕಂಕುಳಿನಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಸುತ್ತ ಬಂದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಬೇವಿನ ಮರದಿಂದ ತರಗತಿಯ ಬಾಗಿಲಿಗೆ ಗೋಡೆಯಿಲ್ಲದ ಅಂಗಳವನ್ನು ದಾಟುತ್ತಿದ್ದಳು. ಓಲಾಡುತ್ತಲೇ, ಆದರೆ ದಾಟುತ್ತಿದ್ದಳು.

ಆಗಲೇ ಅವಳ ಅವ್ವ ಗಂಗವ್ವ ಸಂತೆಯ ದಿನ ಬಂದು, ದೊಡ್ಡ ಮಗಳ ಮದುವೆ ನಿಕ್ಕಿಯಾಯಿತೆಂದು ಸುದ್ದಿ ಹೇಳಿದಳು. ಹುಲಿಗೆವ್ವ ಕೇಳಿದ್ದು ಒಂದೇ ಪ್ರಶ್ನೆ: "ಕಳಸಗಿತ್ತಿ ಯಾರು?"

ನಮ್ಮೂರಿನವರಿಗೆ ಹೇಳಬೇಕು. ಇಲ್ಲಿ ಮದುಮಗಳ ಪಕ್ಕದಲ್ಲಿ ತಂಗಿಯೊಬ್ಬಳು ತುಂಬಿದ ಕಳಸ ಹಿಡಿದು ನಡೆಯುತ್ತಾಳೆ. ಅವಳೇ ಕಳಸಗಿತ್ತಿ. ಮದುವೆ ಮುಗಿದ ಮೇಲೆ ಅಕ್ಕನಿಗೆ ಹೊಸ ಊರಲ್ಲಿ ಒಂಟಿ ಅನ್ನಿಸದಿರಲೆಂದು ಗಂಡನ ಮನೆಗೂ ಜೊತೆಯಲ್ಲಿ ಹೋಗುತ್ತಾಳೆ.

ಗಂಗವ್ವ ಸೆರಗು ತಿರುವುತ್ತ, "ನಿಮ್ಮ ಚಿಗವ್ವನ ಮಗಳು" ಎಂದಳು.

"ಒಡಹುಟ್ಟಿದಾಕಿ ನಾ ಅದೀನಲ್ಲ?"

"ಕಳಸ ಬಿದ್ರ ಅಪಶಕುನ ಅಂತಾರವ್ವಾ. ನಿಮ್ಮಜ್ಜಿ ಒಪ್ಪಂಗಿಲ್ಲ."

ಹುಡುಗಿ ಅಳಲಿಲ್ಲ. ಹೋಗಿ ಗೋಡೆಗೆ ಅಂಟಿಕೊಂಡು ನಿಂತಳು, ಮೊದಲಿನ ಹಾಗೆ. ಅದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. "ಬೀಳುದಿಲ್ಲ. ನಾನು ಹೇಳ್ತೇನೆ ಬೀಳುದಿಲ್ಲ" ಎಂದುಬಿಟ್ಟೆ.

"ಹಂಗಾದ್ರ ನಮ್ಮತ್ತಿನ್ನ ನೀವ ಬಂದು ಒಪ್ಪಸ್ರಿ ಅಕ್ಕೋರ" ಎಂದಳು ಗಂಗವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು.

ಅಂದಿನಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ನಡೆಯುವ ಅಭ್ಯಾಸ. ಮೊದಮೊದಲು ಲಂಗವೆಲ್ಲ ಒದ್ದೆ, ಅಂಗಳವೆಲ್ಲ ರಾಡಿ. ಹೆಡ್ ಮಾಸ್ತರರು "ಏನ್ರಿ ಇದು, ಗದ್ದಿ ನಾಟಿ ಮಾಡಾಕತ್ತೀರೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೀಳುದಿಲ್ಲ ಎಂದು ಮಾತು ಕೊಟ್ಟವಳು ನಾನು. ಬರಬರುತ್ತ ವಿಚಿತ್ರವೊಂದು ಕಂಡಿತು. ಬರಿಗೈಯಲ್ಲಿ ನಡೆಯುವುದಕ್ಕಿಂತ ತುಂಬಿದ ತಂಬಿಗೆ ಹಿಡಿದಾಗಲೇ ಅವಳು ನೆಟ್ಟಗೆ ನಡೆಯುತ್ತಿದ್ದಳು. ಯಾಕೆಂದು ನನಗೆ ತಿಳಿಯಲಿಲ್ಲ.

ಮದುವೆಗೆ ಹಿಂದಿನ ದಿನವೇ ಇಬ್ಬರೂ ಹಂಪಸಾಗರಕ್ಕೆ ಹೋದೆವು. ನಾನು ಕಲಿತುಕೊಂಡು ಹೋಗಿದ್ದ ಭಾಷಣವನ್ನು ಅಜ್ಜಿ ಕೇಳಲೇ ಇಲ್ಲ. "ಮಾತು ಸಾಕ್ರಿ ಅಕ್ಕೋರ" ಎಂದು ಮೊಮ್ಮಗಳ ಕೈಗೆ ಅಂಚಿನವರೆಗೆ ತುಂಬಿದ ಕಳಸ ಕೊಟ್ಟು, ತಾನು ಅಂಗಳದಾಚೆ ಹೋಗಿ ನಿಂತು, "ಬಾ" ಎಂದಳು. ಹುಲಿಗೆವ್ವ ಹೋದಳು. ಅಜ್ಜಿ ಕಳಸದ ತಳ ಮುಟ್ಟಿ ನೋಡಿದಳು. ಒಣಗಿತ್ತು. "ನಾಳೆ ಇಷ್ಟು ಸುಮ್ಮಗ ಇರಂಗಿಲ್ಲವ್ವಾ, ನೆಪ್ಪಿರಲಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಒಪ್ಪಿದಳೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಗುಡಿಯಿಂದ ಹಂದರಕ್ಕೆ ಮೆರವಣಿಗೆ. ಅಕ್ಕನ ಪಕ್ಕದಲ್ಲಿ ಹಸಿರು ಲಂಗ ತೊಟ್ಟು, ಎಲೆ, ತೆಂಗಿನಕಾಯಿ ಇಟ್ಟ ಕಳಸ ಹಿಡಿದು ಬರಿಗಾಲಲ್ಲಿ ಹುಲಿಗೆವ್ವ ನಡೆದಳು. ಹಂದರ ಇನ್ನೇನು ಬಂತು ಎನ್ನುವಾಗ ಹಿಂದಿನಿಂದ ಡೊಳ್ಳು ಒಮ್ಮೆಲೇ ಧಡ್ ಎಂದಿತು. ಅವಳು ಬೆಚ್ಚಿ ತಲೆ ತಿರುಗಿಸಿದಳು. ಮೈ ವಾಲಿತು. ಜನ "ಹೋ" ಎಂದರು. ನಾನು ಓಡಲು ಹೊರಟೆ. ಅಜ್ಜಿ ನನ್ನ ರಟ್ಟೆ ಹಿಡಿದು, "ನಿಂದರ್ರಿ" ಎಂದಳು.

ಹುಲಿಗೆವ್ವ ಕಾಲು ಅಗಲಿಸಿ ನಿಂತಳು. ಮುಖ ಕಳಸದ ಕಡೆಗೆ ಬಾಗಿತು, ಏನನ್ನೋ ಆಲಿಸುವವಳ ಹಾಗೆ. ಡೊಳ್ಳು ನಿಂತಿತು, ಇಡೀ ಮೆರವಣಿಗೆ ನಿಂತಿತು. ಆಮೇಲೆ ಅವಳು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಹಂದರದೊಳಗೆ ಬಂದಳು. ಅಜ್ಜಿ ಅವಳ ಎರಡೂ ಕೆನ್ನೆ ಸವರಿ ಲಟಿಕೆ ಮುರಿದು, "ಹೆಂಗ ನಿಂತ್ಯವ್ವಾ?" ಎಂದಳು.

"ಕಿವ್ಯಾಗಿನ ನೀರು ಸುಳ್ಳು ಹೇಳತೈತಜ್ಜಿ. ಕೈಯಾಗಿನ ನೀರು ಖರೇ ಹೇಳತೈತಿ. ಅದು ಯಾ ಕಡಿ ತುಳುಕತೈತೋ ನೋಡಿಕೊಂಡು ನಿಂತೆ."

ನಾನು ಹಂದರದ ಕಂಬ ಹಿಡಿದುಕೊಂಡು ಅತ್ತೆ. ಇಷ್ಟು ಸಂತೋಷ ನನಗೆ ಯಾವ ಊರಲ್ಲೂ ಆದದ್ದಿಲ್ಲ.

ಸಂಜೆ ಮದುಮಗಳು ಗಂಡನ ಊರು ಬಾಗಳಿಗೆ ಹೊರಟಳು, ಜೊತೆಗೆ ಕಳಸಗಿತ್ತಿ. ಗಾಡಿ ಹತ್ತುವ ಮೊದಲು ಹುಲಿಗೆವ್ವ ನನ್ನ ಸೆರಗು ಹಿಡಿದಳು. "ಅಕ್ಕೋರ, ನೀವು ಈ ಕಡಿ ಬಂದಾಗ ನಿಮ್ಮ ಜೋಡಿ ಯಾರು ಬಂದಿದ್ರು?"

"ಯಾರೂ ಇಲ್ಲ."

"ಅದಕ ನೀವು ಹೇಳಿದಂಗ ಸ್ಟೇಷನ್ನಿನಾಗ ನಿಮಗ ತಲಿ ತಿರುಗಿತ್ತು ನೋಡ್ರಿ! ಈ ಬ್ಯಾಸಿಗಿಗೆ ನಿಮ್ಮೂರಿಗೆ ಹೋಗುವಾಗ ನಾ ಬರ್ತೀನಿ, ಕಳಸಗಿತ್ತಿ ಆಗಿ."

ನಗುತ್ತ ಒಪ್ಪಿದೆ. ಬಸ್ಸಿನಲ್ಲಿ ಒಬ್ಬಳೇ ಹಿಂತಿರುಗುವಾಗ ಯೋಚನೆ ಬಂತು. ಕಳಸಗಿತ್ತಿ ಹೊರಡುವುದು ತವರಿನಿಂದ, ಹೋಗುವುದು ಬೇರೆ ಮನೆಗೆ. ಹುಲಿಗೆವ್ವನ ಲೆಕ್ಕದಲ್ಲಿ ನನ್ನ ತವರು ಇದು, ಕಾರ್ಕಳ ಬೇರೆ ಮನೆ!

ಅಮ್ಮನಿಗೆ ಇನ್‌ಲ್ಯಾಂಡ್ ಪತ್ರ ಬರೆದಿದ್ದೇನೆ: ಮೇ ತಿಂಗಳಲ್ಲಿ ಇಬ್ಬರು ಬರುತ್ತೇವೆ. ಮನೆಯೆದುರಿನ ತೋಡು ದಾಟುವ ಒಂಟಿ ಮರದ ಕಾಲುಸಂಕಕ್ಕೆ ಕೈ ಹಿಡಿಯಲು ಒಂದು ಹಗ್ಗ ಕಟ್ಟಿಸಿಡು. ಹುಲಿಗೆವ್ವ ಒಂದು ತಂಬಿಗೆ ನೀರು ಹಿಡಿದು ದಾಟಿಬಿಡುತ್ತಾಳೆ. ಹಗ್ಗ ಬೇಕಾದದ್ದು ನನಗೆ.