ಕಟ್ಟೆಯ ಮುಂದೆ ನಡೆ, ಕಟ್ಟೆ ದಾಟಿ ಓಡು

ಧಾರವಾಡದಿಂದ ಗೋಕಾಕ ಮುಟ್ಟಲು ಮೂರು ತಾಸು ಹಿಡಿಯಿತು. ಹೆಂಗಸರಿಗೆ ಟಿಕೇಟು ಸೊನ್ನೆ. ಕಂಡಕ್ಟರು ಎಲ್ಲಿಗೆ ಎಂದು ಕೇಳಿದನೇ ಹೊರತು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ಮೂಡಲಗಿಯಲ್ಲಿರುವ ನನ್ನ ಅಣ್ಣನ ಮಗಳು ಶೋಭಾ ಪೊಲೀಸ್ ಕೆಲಸಕ್ಕೆಂದು ಓಟ ಕಲಿಯುತ್ತಿದ್ದಾಳೆ. ಭಾನುವಾರ ಹುಕ್ಕೇರಿಯ ಮೈದಾನದಲ್ಲಿ ತಾಲೀಮಿನ ಓಟ. ಅಲ್ಲಿ ಒಂದೂವರೆ ನಿಮಿಷದೊಳಗೆ ಸುತ್ತು ಮುಗಿಸದಿದ್ದರೆ ಓಟವೂ ಬಂದ್, ಪೊಲೀಸ್ ಕನಸೂ ಬಂದ್ ಎಂದು ಅಣ್ಣ ಹೇಳಿಬಿಟ್ಟಿದ್ದ. ನಮ್ಮ ಮನೆತನದಲ್ಲಿ ಐವತ್ತು ದಾಟಿದ ಮೇಲೆ ಓಡುವ ಹುಚ್ಚು ಹಚ್ಚಿಕೊಂಡವಳು ನಾನೊಬ್ಬಳೇ. ಹಾಗಾಗಿ ಅತ್ತಿ ಬರಲೇಬೇಕು ಎಂದು ಹುಡುಗಿ ಹಠ ಹಿಡಿದಿದ್ದಳು.

ಶುಕ್ರವಾರ ಗೋಕಾಕದಲ್ಲಿ ಉಳಿದೆ. ಬೆಳಿಗ್ಗೆ ಓಡಲು ಒಳ್ಳೆಯ ದಾರಿ ಯಾವುದೆಂದು ಲಾಡ್ಜಿನವನನ್ನು ಕೇಳಿದೆ.

“ಗಂಡಸೂರು ಫಾಲ್ಸ್ ರೋಡ್ ಹಿಡೀತಾರ್ರಿ.”

“ಹೆಂಗಸೂರು?”

ಆತ ಬಹಳ ಹೊತ್ತು ಯೋಚಿಸಿದ. “ಹೆಂಗಸೂರು ಯಾಕ ಓಡ್ತಾರ್ರಿ?”

ನಸುಕಿನಲ್ಲಿ ನಾನೂ ಫಾಲ್ಸ್ ರಸ್ತೆ ಹಿಡಿದೆ. ನದಿಯ ಕಡೆಯಿಂದ ಮಂಜು ಎದ್ದು ಗುಡ್ಡವನ್ನು ಅರ್ಧ ನುಂಗಿತ್ತು. ಗಂಡಸರು ಒಬ್ಬೊಬ್ಬರಾಗಿ ಅದರೊಳಗೆ ಹೊಕ್ಕು ಮಾಯವಾಗುತ್ತಿದ್ದರು, ಬೂಟಿನ ಸಪ್ಪಳ ಮಾತ್ರ ಉಳಿಯುತ್ತಿತ್ತು. ಎಷ್ಟು ಚೆಂದವಿತ್ತೆಂದರೆ ನನಗೂ ಹಾಗೆ ಕರಗಿಹೋಗಬೇಕೆನಿಸಿತು. ಕೊನೆಯ ಬೀದಿದೀಪ ಬಂದಾಗ ಕಾಲುಗಳು ತಾವಾಗಿಯೇ ತಿರುಗಿದವು. ಊರೊಳಗೆ ಹಾಲಿನ ಅಂಗಡಿ ತೆರೆದ ಓಣಿಯಲ್ಲಿ ನಾಲ್ಕು ಹೆಂಗಸರು ಆ ತುದಿಯಿಂದ ಈ ತುದಿಗೆ ಬಿರಬಿರನೆ ನಡೆಯುತ್ತಿದ್ದರು. ನಾನೂ ಅವರ ಜೊತೆ ಸೇರಿಕೊಂಡೆ. ಫಾಲ್ಸ್ ನೋಡುವುದು ಉಳಿದೇಹೋಯಿತು, ಅದಕ್ಕೆ ನನಗೆ ಈಗಲೂ ಸಿಟ್ಟಿದೆ.

ಶನಿವಾರ ಮಧ್ಯಾಹ್ನ ಮೂಡಲಗಿ. ಅತ್ತಿಗೆ ಬಿಸಿರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಸಂಜೆ ಶೋಭಾ ಬೂಟು ಹಾಕಿಕೊಂಡು ಹೊರಟಾಗ ಅವಳ ಕೈಯಲ್ಲಿ ನೀರು ತುಂಬಿದ ತಾಮ್ರದ ತಂಬಿಗೆ ಇತ್ತು.

“ಇದ್ಯಾಕ?” ಎಂದೆ.

“ತಂಬಿಗಿ ಇದ್ರ ಯಾರೂ ಏನೂ ಕೇಳಂಗಿಲ್ಲ ಅತ್ತಿ. ಗುಡಿಗೆ ಹೊಂಟಾಳ ಅಂತಾರ. ಇಲ್ಲಂದ್ರ ಓಣಿ ತುಂಬ ‘ಎಲ್ಲಿಗೆ, ಯಾಕ’ ಅಂತಾರ.”

“ಊರ ಹೊರಗಿನ ರೋಡ್ ಐತಲ್ಲ?”

“ಅಲ್ಲಿ ಹುಡುಗೂರು ಓಡ್ತಾರ. ಎರಡೂ ಬಾಜೂ ಕಬ್ಬು, ದೀಪ ಇಲ್ಲ. ಒಬ್ಬಾಕಿ ಹೆಂಗ ಹೋಗ್ಲಿ?”

ಅಣ್ಣನದು ಓಣಿಯ ಬಾಯಲ್ಲೇ ಹಿಟ್ಟಿನ ಗಿರಣಿ. ಅದರ ಕಟ್ಟೆಯ ಮೇಲೆ ಅವನೂ ಅವನ ಗೆಳೆಯರೂ ಚಹಾ ಕುಡಿಯುತ್ತ ಕೂತಿದ್ದರು. ಗಾಳಿಯಂತೆ ಬರುತ್ತಿದ್ದ ಹುಡುಗಿ ಅಲ್ಲಿ ಥಟ್ಟನೆ ಓಟ ಬಿಟ್ಟು ನಡೆದಳು. ದುಪಟ್ಟಾ ತಲೆಗೇರಿತು, ಕಣ್ಣು ನೆಲಕ್ಕಿಳಿಯಿತು. ಕಟ್ಟೆ ದಾಟಿದ ಮೇಲೆ ಮತ್ತೆ ಓಟ. ಹಿರಿಯರು ಕೂತಿರುವಾಗ ಅವರ ಮುಂದೆ ಓಡಬಾರದೆಂದು ಸಣ್ಣಾಕಿ ಇದ್ದಾಗಲೇ ಅಪ್ಪ ಕಲಿಸಿದ್ದನಂತೆ. ಬಸವಣ್ಣನ ಗುಡಿಯ ಸುತ್ತ ಹತ್ತು ಸುತ್ತು ಹಾಕಿ, ದೇವರಿಗೆ ನೀರೆರೆದು ಬಂದೆವು. ಬೆಲ್ಲ ಕಾಯಿಸುವ ವಾಸನೆ ಊರಿನ ಮೇಲೆ ಕವಿದಿತ್ತು. ಆ ಸಂಜೆ ನಾನು ಬಹಳ ಸುಖವಾಗಿದ್ದೆ.

ಭಾನುವಾರ ಅಣ್ಣನೂ ನಮ್ಮ ಜೊತೆ ಬಂದ. ಘಟಪ್ರಭಾ ದಾಟಿ ಹುಕ್ಕೇರಿಗೆ ಹೋಗುವ ಬಸ್ಸು. ಧುಪದಾಳ ಅಣೆಕಟ್ಟಿನ ನೀರು ಹೊಲಗಳಾಚೆ ಬೆಳ್ಳಗೆ ಮಿಂಚಿತು. ಶೋಭಾ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಅವಳ ಬಲಗೈ ಮುಷ್ಟಿ ನಿದ್ದೆಯಲ್ಲೂ ತಂಬಿಗೆ ಹಿಡಿದಂತೆಯೇ ಇತ್ತು.

ಮೈದಾನದ ಮೂರನೆಯ ತಿರುವಿನಲ್ಲಿ ಕಲ್ಲಿನ ಮೆಟ್ಟಿಲು. ಅಣ್ಣ ಮತ್ತು ಬೇರೆ ಹುಡುಗಿಯರ ಅಪ್ಪಂದಿರು ಬಿಸಿಲು ಕಾಯಿಸುತ್ತ ಅಲ್ಲೇ ಕೂತರು. ಓಟ ಕಲಿಸುವ ನಿವೃತ್ತ ಸೈನಿಕರೊಬ್ಬರು ಸೀಟಿ ಊದಿದರು. ಶೋಭಾ ಎರಡು ತಿರುವು ಎಲ್ಲರಿಗಿಂತ ಮುಂದಿದ್ದಳು. ಮೂರನೆಯದಕ್ಕೆ ಬಂದವಳೇ ಓಟ ಬಿಟ್ಟು ನಡೆದಳು. ಇಲ್ಲದ ದುಪಟ್ಟಾವನ್ನು ಹುಡುಕಿ ಅವಳ ಕೈ ತಲೆಗೆ ಹೋಯಿತು. ಮೆಟ್ಟಿಲು ದಾಟಿ ಮತ್ತೆ ಓಡಿದಳು, ಆದರೆ ಹೊತ್ತು ಮೀರಿತ್ತು.

“ಹನ್ನೊಂದು ಸೆಕೆಂಡ್ ಹೆಚ್ಚಾತು” ಎಂದರು ಸೈನಿಕರು.

“ಆತು ಬಿಡು,” ಅಣ್ಣ ಎದ್ದುಬಂದ. “ದಮ್ ಸಾಲಂಗಿಲ್ಲ ಆಕಿಗೆ. ನಡೀರಿ ಊರಿಗೆ.”

ಶೋಭಾ ತುಟಿ ಕಚ್ಚಿ ನೆಲ ನೋಡುತ್ತಿದ್ದಳು. ನನಗೆ ಕೆಟ್ಟ ಸಿಟ್ಟು ಬಂತು. “ಅಣ್ಣಾ, ದಮ್ ಸಾಲಲಿಲ್ಲಂತ ನಡೀಲಿಲ್ಲ ಆಕಿ. ನೀ ಕುಂತಿದ್ದಿ, ಅದಕ್ಕ ನಡದಳು.”

ಅಣ್ಣ ಮೆಟ್ಟಿಲು ನೋಡಿದ, ಮಗಳನ್ನು ನೋಡಿದ. ಆಮೇಲೆ ಸೈನಿಕರ ಹತ್ತಿರ ಹೋದ. “ಇನ್ನೊಂದ್ ಸಲ ಓಡಸ್ತೀರೇನ್ರಿ?”

“ಅರ್ಧಾ ತಾಸು ತಡೀರಿ. ದಣಿವಾರಿಸ್ಕೊಳ್ಳಲಿ.”

ಅರ್ಧ ತಾಸು ಕಳೆದ ಮೇಲೆ ಅಣ್ಣ ಮೆಟ್ಟಿಲ ಮುಂದೆ ನಿಂತು ಕೈಮುಗಿದ. “ಸ್ವಲ್ಪ ಏಳ್ರಿಪಾ ಎಲ್ಲಾರೂ. ನಾವು ಕುಂತ್ರ ನನ್ನ ಮಗಳು ನಡೀತಾಳ.”

ಒಬ್ಬ ನಕ್ಕ, ಆದರೂ ಎದ್ದ. ಧೋತರ ಕೊಡವುತ್ತ ಎಲ್ಲರೂ ಎದ್ದರು. ಶೋಭಾ ತಿರುವಿಗೆ ಬಂದಳು. ಸಾಲಾಗಿ ನಿಂತ ಅಪ್ಪಂದಿರನ್ನು ಒಮ್ಮೆ ನೋಡಿದಳು. ಕೈ ಭುಜದವರೆಗೆ ಹೋಯಿತು, ಇಳಿಯಿತು. ಓಡಿದಳು. ಒಂದೂವರೆ ನಿಮಿಷಕ್ಕೆ ಎರಡು ಸೆಕೆಂಡ್ ಉಳಿದಿತ್ತು. ನಾನು ಅತ್ತುಬಿಟ್ಟೆ.

ಸೋಮವಾರ ನಸುಕಿನಲ್ಲಿ ಮೂಡಲಗಿಯಿಂದ ಮೊದಲ ಬಸ್ಸು ಹತ್ತಿದೆ. ಶೋಭಾ ಆಗಲೇ ಹಾಸಿಗೆಯಲ್ಲಿರಲಿಲ್ಲ, ಅಣ್ಣನೂ ಕಾಣಲಿಲ್ಲ. ಊರ ಹೊರಗೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬಸ್ಸು ತೆವಳತೊಡಗಿತು. ದೀಪಗಳು ಮುಗಿದ ಕಡೆ, ಮಂಜಿನಲ್ಲಿ, ಹುಡುಗಿಯೊಬ್ಬಳು ಎರಡೂ ಕೈ ಬೀಸುತ್ತ ಓಡುತ್ತಿದ್ದಳು. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಅಣ್ಣ ಏದುಸಿರು ಬಿಡುತ್ತ ಬಿರಬಿರನೆ ನಡೆಯುತ್ತಿದ್ದ. ಕೈಯಲ್ಲಿ ತಂಬಿಗೆ, ನೀರು ಧೋತರದ ಮೇಲೆ ಚೆಲ್ಲುತ್ತಿತ್ತು.

ಕಂಡಕ್ಟರು ಬಾಗಿಲಿನಿಂದ ಬಾಗಿ ಕೇಳಿದ. “ಎಲ್ಲಿಗ್ರಿ ಕಾಕಾ, ಇಷ್ಟ್ ಲಗೂನ?”

“ಗುಡಿಗೆ” ಎಂದ ಅಣ್ಣ.

ಗುಡಿ ಇದ್ದದ್ದು ಊರಿನ ಇನ್ನೊಂದು ತುದಿಗೆ.