ಹಾವಕ್ಕನ ವರ್ಗಾವಣೆ

ಕಾಲೇಜಿನ ನೆಲಮಾಳಿಗೆಯಲ್ಲಿ ಸಂಶೋಧನೆಗೆಂದು ಹೆಬ್ಬಾವು ಸಾಕಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಹೆಬ್ಬಾವುಗಳಿಗೆ ವರ್ಷವಿಡೀ ಒಂದೇ ಹದದ ಬಿಸಿ ಬೇಕೆಂದು ಹೀಟರು ಸದಾ ಉರಿಯುತ್ತಿತ್ತು. ಹನ್ನೊಂದು ವರ್ಷದಿಂದ ಅಲ್ಲಿ ಪೆಟ್ಟಿಗೆ ತೊಳೆದು, ನೀರಿಟ್ಟು, ಇಲಿ ತಿನ್ನಿಸಿ, ತೂಕ ಬರೆದಿಡುತ್ತಿದ್ದ ಹೆಂಗಸನ್ನು ಕಾಲೇಜಿನವರೆಲ್ಲ ಹಾವಕ್ಕ ಎನ್ನುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಹಾವಿಗೆ ಹೆದರದವರು ಇನ್ನೊಬ್ಬರು ಸಿಗದೆ ಅವಳಿಗೆ ರಜೆ ಸಿಗುತ್ತಿರಲಿಲ್ಲ. ತಂಗಿಯ ಹೆರಿಗೆಗೂ ಹೋಗಲಾಗಲಿಲ್ಲ. ಮನೆಗೆ ಬಂದರೆ, ಸ್ನಾನ ಮುಗಿಸುವ ತನಕ ಅತ್ತೆ ಅಡುಗೆಮನೆಯ ಹೊಸ್ತಿಲು ದಾಟಗೊಡುತ್ತಿರಲಿಲ್ಲ; ಹಾವಿನ ವಾಸನೆಗೆ ತನಗೆ ಊಟ ಸೇರುವುದಿಲ್ಲವೆಂದು ಅವರ ದೂರು. ಎರಡು ವರ್ಷದಿಂದ ಉಬ್ಬಸ ಬೇರೆ ಶುರುವಾಗಿತ್ತು. ಜಾಗ ಬದಲಿಸಿ ಎಂದು ಡಾಕ್ಟರು ಹೇಳಿದ್ದರು. ಪ್ರತಿವರ್ಷ ಹಾಕುತ್ತಿದ್ದ ಅರ್ಜಿಗೆ ಈ ಸಲ ಫಲ ಸಿಕ್ಕಿತು. ಮೂರನೇ ಮಹಡಿಯ ಗ್ರಂಥಾಲಯಕ್ಕೆ ವರ್ಗಾವಣೆ. ವಿಭಾಗದ ಮೇಡಂ ಒಂದು ಸಹಿ ಹಾಕಿದರೆ ಸಾಕಿತ್ತು.

ಮೇಡಂ ಆಗ ಬೇರೆಯೇ ತಲೆನೋವಿನಲ್ಲಿದ್ದರು. ಹಾರ್ಮೋನುಗಳು ಹಾವಿನ ರಕ್ತನಾಳಗಳನ್ನು ಹೇಗೆ ಬಿಗಿಸುತ್ತವೆ, ಹೇಗೆ ಸಡಿಲಿಸುತ್ತವೆ ಎಂಬುದು ಅವರ ಸಂಶೋಧನೆ. ಹಾವಿಗೆ ಮಂಪರು ಬರಿಸಿ ನಾಳಕ್ಕೆ ಕೂದಲಿನಷ್ಟು ಸಣ್ಣ ಕೊಳವೆ ಹಾಕಿ, ಮಾರನೆಯ ದಿನ ಮೇಜಿನ ಮೇಲಿಟ್ಟು ಅದರ ಮೂಲಕ ಹಾರ್ಮೋನು ಬಿಡುತ್ತಿದ್ದರು. ನಾಳ ಸಡಿಲಾಗಿ ರಕ್ತದೊತ್ತಡ ಇಳಿಯಬೇಕು, ಪರದೆಯ ಮೇಲಿನ ಗೆರೆ ಕೆಳಗೆ ಬರಬೇಕು. ಒಂದು ದಿನ ಬರುತ್ತಿತ್ತು, ಮೂರು ದಿನ ಬರುತ್ತಿರಲಿಲ್ಲ. ಅದೇ ಹಾವು, ಅದೇ ಅಳತೆ. ಈ ಏಳು ಹಾವುಗಳಲ್ಲೇ ದೋಷವಿದೆ, ಇವಕ್ಕೆ ಸೂಜಿ ಚುಚ್ಚಿ ಮುಗಿಸಿ ಹೊಸದು ತರಿಸೋಣ ಎಂದು ಮೇಡಂ ತೀರ್ಮಾನಿಸಿದರು.

ಕಾರಣ ಹಾವಕ್ಕನಿಗೆ ಗೊತ್ತಿತ್ತು. ತೂಕದ ಪುಸ್ತಕದ ಅಂಚಿನಲ್ಲಿ, ಅಂದು ಹಾವನ್ನು ಮೇಲಿನ ಪ್ರಯೋಗಾಲಯಕ್ಕೆ ಒಯ್ದವರು ಯಾರೆಂದೂ ಅವಳು ಬರೆದಿಡುತ್ತಿದ್ದಳು. ತಾನು ತೋಳಿಗೆ ಸುತ್ತಿಸಿಕೊಂಡು ಒಯ್ದ ದಿನ ಗೆರೆ ಇಳಿದಿತ್ತು. ಮೇಡಂ ಕೈಕೆಳಗಿನ ಸಂಶೋಧಕರು ಕೊಕ್ಕೆ ಹಾಕಿ ಎಳೆದು ಚೀಲಕ್ಕೆ ತುಂಬಿದ ದಿನ ಇಳಿದಿರಲಿಲ್ಲ.

ಹೇಳಿದರೆ, ಹಾವು ಒಯ್ಯಲು ನೀನೇ ಬೇಕೆಂದು ತನ್ನನ್ನು ಇಲ್ಲಿಂದ ಬಿಡುವುದಿಲ್ಲ. ಹೇಳದಿದ್ದರೆ ಏಳು ಜೀವ ಹೋಗುತ್ತವೆ. ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಫೋನಿನಲ್ಲಿ ತಂಗಿಯ ಹತ್ತಿರ ಹೇಳಿಕೊಂಡಳು.

"ಸುಮ್ನಿರಕ್ಕಾ," ಎಂದಳು ತಂಗಿ. "ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂದ್ರೆ ಆಗಲ್ಲ. ಈ ಸಲ ನಿನ್ನ ಕೋಲು ನೋಡ್ಕೋ."

ಮೂರನೆಯ ದಿನ ಹಾವಕ್ಕ ಪುಸ್ತಕ ಹಿಡಿದು ಮೇಡಂ ಕೋಣೆಗೆ ಹೋದಳು.

"ಮೇಡಂ, ಹಾವಿನಲ್ಲಿ ದೋಷ ಇಲ್ಲ. ಅದು ಹೆದರ್ಕೊಂಡು ಬಂದಿರತ್ತೆ. ನೀವು ಸಡಿಲ ಮಾಡೋಕೆ ಹಾಕ್ತೀರಿ, ಅದರ ಭಯ ಒಳಗಿಂದ ಬಿಗಿ ಹಿಡಿದಿರತ್ತೆ."

ಮೇಡಂ ಪುಟ ತಿರುವುತ್ತಾ ಅಂಚಿನ ಹೆಸರುಗಳನ್ನು ತಮ್ಮ ದಾಖಲೆಯ ಜೊತೆ ತಾಳೆ ನೋಡಿದರು. ಹೆದರಿಕೆಗೆ ಅಡ್ರಿನಲಿನ್ ಏರಿ ನಾಳ ಬಿಗಿಯುತ್ತದೆಂದು ಇಪ್ಪತ್ತು ವರ್ಷ ಪಾಠ ಮಾಡಿದವರು ಅವರೇ. ಹಾವನ್ನು ಅದರ ಪೆಟ್ಟಿಗೆಯಲ್ಲೇ ಎರಡು ದಿನ ಬಿಟ್ಟು, ಕೊಳವೆಯನ್ನು ಹೊರಗಿನ ತನಕ ಉದ್ದ ಮಾಡಿ, ಅದಕ್ಕೆ ಗೊತ್ತೇ ಆಗದಂತೆ ಹಾರ್ಮೋನು ಬಿಟ್ಟು ನೋಡಿದರು. ಗೆರೆ ಇಳಿಯಿತು. ಏಳಕ್ಕೆ ಏಳರಲ್ಲೂ ಇಳಿಯಿತು.

ಅಂದೇ ಮೇಡಂ ಅವಳನ್ನು ಕರೆಸಿ ಕೂರಿಸಿದರು. ವರ್ಗಾವಣೆಯ ಕಾಗದ ಮೇಜಿನ ಮೇಲೆಯೇ ಇತ್ತು.

"ನೀವಿಲ್ದೆ ಇದು ನಡಿಯಲ್ಲಮ್ಮ, ಅವು ಹೆದರದೆ ಇರೋದು ನಿಮ್ಮ ಕೈಗೆ ಮಾತ್ರ. ಇನ್ನಾರು ತಿಂಗಳು, ಅಷ್ಟೆ."

"ನಾನು ಸೇರುವಾಗ್ಲೂ ಆರೇ ತಿಂಗಳು ಅಂದಿದ್ರು, ಮೇಡಂ."

ಮೇಡಂ ತಲೆ ತಗ್ಗಿಸಿದರು, ಆದರೆ ಪೆನ್ನು ಎತ್ತಲಿಲ್ಲ. ಗ್ರಂಥಾಲಯಕ್ಕೆ ಬೇರೆಯವರು ಬಂದರು. ಹಾವಕ್ಕನ ಕೈಕೆಳಗೆ ತರಬೇತಿಗೆಂದು ಇಬ್ಬರನ್ನು ಕಳಿಸಿದರು. ಒಬ್ಬ ಮೊದಲ ಪೆಟ್ಟಿಗೆ ತೆರೆದಾಗಲೇ ಕಾಲ್ಕಿತ್ತ, ಇನ್ನೊಬ್ಬ ಊಟಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಮೇಡಂ ಪ್ರಬಂಧ ಅಚ್ಚಾದಾಗ ಕೊನೆಯ ಪುಟದಲ್ಲಿ ಅವಳ ಪೂರ್ತಿ ಹೆಸರಿತ್ತು. ತಂಗಿ ಅದನ್ನು ಎರಡು ಸಲ ಓದಿ, ಮಡಚಿ ಕೊಟ್ಟಳು.

ಉಬ್ಬಸದ ವಿಷಯ ಕೇಳಿ ಮೇಡಂ ನೆಲಮಾಳಿಗೆಗೆ ಫ್ಯಾನು ಹಾಕಿಸಿದರು. ಹಾವುಗಳಿಗೆ ಥಂಡಿಯಾಗುತ್ತದೆಂದು ವಾರದೊಳಗೆ ಅದನ್ನು ತೆಗೆಸಿದವಳು ಹಾವಕ್ಕನೇ.