ಬಸ್ಸಿನ ಕಿಟಕಿಯಿಂದ ಮಕ್ಕಳು ನೋಡಿದ್ದು

ಕೊರೊನಾ ಮುಗಿದು ಶಾಲೆಗಳು ಮತ್ತೆ ಮಕ್ಕಳಿಂದ ತುಂಬಿದ ವರ್ಷ ನಾನು ಬಹ್ರೇನಿನ ಮನಾಮದಲ್ಲಿ ಒಂದು ಖಾಸಗಿ ಶಾಲೆಯ ಆರನೇ ತರಗತಿಗೆ ಇಂಗ್ಲಿಷ್ ಟೀಚರ್ ಆಗಿದ್ದೆ. ನನ್ನ ಊರು ಗಂಗೊಳ್ಳಿ. ಮಸ್ಕತ್‌ನಲ್ಲಿ ಕೆಲವು ವರ್ಷ ಪಾಠ ಮಾಡಿ, ಗಂಡ ಇಕ್ಬಾಲ್‌ಗೆ ಮನಾಮದ ಒಂದು ಟ್ರೇಡಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಾಗ ಇಲ್ಲಿಗೆ ಬಂದವಳು. ಗುಫೂಲ್‌ನಲ್ಲಿ ಬಾಡಿಗೆ ಫ್ಲ್ಯಾಟ್. ತರಗತಿಯಲ್ಲಿ ಬಹ್ರೇನಿನ ಮಕ್ಕಳ ಜೊತೆ ಈಜಿಪ್ಟ್, ಫಿಲಿಪ್ಪೀನ್ಸ್, ಕೇರಳದ ಮಕ್ಕಳೂ ಇದ್ದರು. ಇಂಗ್ಲಿಷ್ ಕಲಿಸಲು ಇಂಗ್ಲೆಂಡಿನವರೇ ಸಿಗಲಿಲ್ಲವೇ ಎಂದು ಮೊದಲ ವಾರವೇ ಒಬ್ಬ ತಂದೆ ಪ್ರಿನ್ಸಿಪಾಲರನ್ನು ಕೇಳಿದ್ದರು. ಪರದೇಶದಲ್ಲಿ ಪರಭಾಷೆ ಕಲಿಸುವವಳಿಗೆ ಅಂಥ ಮಾತು ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾಗದೆ ಉಳಿದದ್ದು ಆ ವರ್ಷದ ಚಳಿಗಾಲದಲ್ಲಿ ನಡೆದ ಒಂದು ಘಟನೆ.

ನಮ್ಮ ಬಸ್ಸಿನ ಡ್ರೈವರ್ ಲಾರೆನ್ಸ್ ಶಿರ್ವದವರು. ಐವತ್ತರ ಹತ್ತಿರದ ಮನುಷ್ಯ, ಮಿತಭಾಷಿ. ನನಗೆ ತುಳು ಬಾರದು, ಅವರಿಗೆ ನಮ್ಮ ಕುಂದಾಪುರದ ಮಾತು ತಮಾಷೆ. ಹಾಗಾಗಿ ಇಬ್ಬರೂ ಪಾಠಪುಸ್ತಕದ ಹತ್ತಿರದ ಒಂದು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಪ್ರತಿ ಮಗುವೂ ಸೀಟ್ ಬೆಲ್ಟ್ ಹಾಕುವವರೆಗೆ ಲಾರೆನ್ಸ್ ಬಸ್ಸು ಕದಲಿಸುತ್ತಿರಲಿಲ್ಲ. ಅವರ ಹೆಂಡತಿ ಜುಲಿಯಾನಾ ಮನಾಮದ ಅದ್ಲಿಯಾ ಬಡಾವಣೆಯ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದರು.

ಆ ದಿನ ನಾವು ಮಕ್ಕಳನ್ನು ಸಮುದ್ರದಂಚಿನ ಹಳೆಯ ಕೋಟೆಗೆ ಕರೆದೊಯ್ದಿದ್ದೆವು. ಕಣ್ಣಾರೆ ಕಂಡದ್ದನ್ನು ಮರುದಿನ ಇಂಗ್ಲಿಷಿನಲ್ಲಿ ಬರೆಯಬೇಕು, ಅದಕ್ಕಾಗಿ ಈ ಫೀಲ್ಡ್ ಟ್ರಿಪ್. ವಾಪಸಾಗುವಾಗ ಕೆಲವು ಮಕ್ಕಳನ್ನು ಇಳಿಸಲು ಉಮ್ ಅಲ್ ಹಸ್ಸಮ್ ಕಡೆಗೆ ತಿರುಗಬೇಕಿತ್ತು. ಲಾರೆನ್ಸ್ ಇಂಡಿಕೇಟರ್ ಹಾಕಿ ಲೇನ್ ಬದಲಿಸಿದರು. ಹಿಂದಿದ್ದ ಬಿಳಿ ಎಸ್‌ಯುವಿಗೆ ಬ್ರೇಕ್ ಒತ್ತಬೇಕಾಯಿತು. ಅಷ್ಟೇ ಆದದ್ದು. ಆ ಕಾರು ಹಾರ್ನ್ ನಿಲ್ಲಿಸದೆ ಹಿಂಬಾಲಿಸಿ, ಪಕ್ಕಕ್ಕೆ ಬಂದು, ಒಂದು ಒಳರಸ್ತೆಯಲ್ಲಿ ನಮ್ಮನ್ನು ದಾಟಿ ಅಡ್ಡ ನಿಂತಿತು.

ಇಳಿದವನು ಯಾವ ದೇಶದವನು ಎಂದು ನಾನು ಬರೆಯುವುದಿಲ್ಲ. ಬರೆದರೆ ಓದುವವರು ಉಳಿದದ್ದನ್ನೆಲ್ಲ ಅದರಿಂದಲೇ ಅಳೆಯುತ್ತಾರೆ. ನಮ್ಮ ಹಾಗೆ ಹೊರಗಿನಿಂದ ದುಡಿಯಲು ಬಂದವನೇ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಕಾರಿನ ಹಿಂಬಾಗಿಲು ತೆರೆದು ಟಯರ್ ಬಿಚ್ಚುವ ಉದ್ದನೆಯ ಸ್ಪ್ಯಾನರ್ ತೆಗೆದುಕೊಂಡು ನೇರ ಬಂದ.

ಮೊದಲ ಏಟು ಡ್ರೈವರ್ ಪಕ್ಕದ ಕಿಟಕಿಗೆ. ಗಾಜು ಪುಡಿಪುಡಿಯಾಗಿ ಲಾರೆನ್ಸ್‌ರ ಮಡಿಲಿಗೆ ಬಿತ್ತು. ಎರಡನೆಯದು ಅದೇ ಕಿಂಡಿಯಿಂದ ಒಳಬಂದು ಅವರ ಹಣೆಯನ್ನು ಸೀಳಿತು. ಮುಂದಿನ ಏಟು ಡ್ರೈವರ್ ಬಾಗಿಲ ಹಿಂದಿನ ಕಿಟಕಿಗೆ. ಅಲ್ಲಿ ನೂರಾ ಎಂಬ ಬಹ್ರೇನಿ ಹುಡುಗಿ ಕೂತಿದ್ದಳು. ಗಾಜಿನ ಚೂರು ಅವಳ ಹುಬ್ಬಿಗೆ ಹೊಕ್ಕಿತು. ರಕ್ತ ಕಣ್ಣಿಗಿಳಿದು, ಕಣ್ಣೇ ಹೋಯಿತೆಂದು ಅವಳು ಅರಬಿಯಲ್ಲಿ ತಾಯಿಯನ್ನು ಕರೆಯತೊಡಗಿದಳು. ನಾನು ನನ್ನ ದುಪಟ್ಟಾ ಮಡಚಿ ಅವಳ ಮುಖಕ್ಕೆ ಒತ್ತಿದೆ. ಬಸ್ಸಿನ ಸಹಾಯಕಿ ಫಿಲಿಪ್ಪೀನ್ಸಿನ ಗ್ರೇಸ್ ಮಕ್ಕಳನ್ನೆಲ್ಲ ಸೀಟುಗಳ ನಡುವೆ ಬಗ್ಗಿಸಿ ಕೂರಿಸಿದಳು. ಆದರೂ ತಲೆಗಳು ಮೇಲೇಳುತ್ತಲೇ ಇದ್ದವು.

ಲಾರೆನ್ಸ್ ಒಮ್ಮೆ ತಿರುಗಿ ಆ ಹುಡುಗಿಯ ಮುಖ ನೋಡಿದರು. ನಂತರ ಬಾಗಿಲು ತೆರೆದು ಇಳಿದರು.

ಅವನನ್ನು ಬಸ್ಸಿನಿಂದ ದೂರ ತಳ್ಳುವುದೇ ಅವರ ಉದ್ದೇಶವಾಗಿತ್ತು, ಅದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಹೇಳಿಯೂ ಇದ್ದೇನೆ. ಅವನು ಲಾರೆನ್ಸ್‌ರ ಭುಜಕ್ಕೆ ಬೀಸಿದ. ಅವರು ಒಂದು ಮಂಡಿಯೂರಿದರು, ಎದ್ದರು, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡರು. ಇಬ್ಬರೂ ಕಾರಿಗೆ ಢಿಕ್ಕಿ ಹೊಡೆದರು. ಲಾರೆನ್ಸ್ ತಲೆಯಿಂದ ಅವನ ಮುಖಕ್ಕೆ ಗುದ್ದಿದ ಸದ್ದು ಕೇಳಿತು. ಮುಂದೆ ನೋಡುವಾಗ ಅವನು ನೆಲದ ಮೇಲಿದ್ದ, ಸ್ಪ್ಯಾನರ್ ಲಾರೆನ್ಸ್‌ರ ಕೈಯಲ್ಲಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಲಾರೆನ್ಸ್ ಬಿದ್ದವನ ತೊಡೆಗೆ ಹೊಡೆದರು. ಪಕ್ಕೆಗೆ ಹೊಡೆದರು. ಅವನು ಕೈ ಅಡ್ಡ ಹಿಡಿದಾಗ ದವಡೆಗೆ ಹೊಡೆದರು. ಬಾಯಿಂದ ರಕ್ತದ ಜೊತೆ ಹಲ್ಲು ಬಂತು. ಹಣೆಯ ರಕ್ತ ಕಣ್ಣಿಗಿಳಿದು ಲಾರೆನ್ಸ್‌ಗೆ ಎದುರಿನದು ಕಾಣುತ್ತಿತ್ತೋ ಇಲ್ಲವೋ. ಬೆಳಿಗ್ಗೆ ಮಕ್ಕಳ ಬೆಲ್ಟ್ ಸರಿಮಾಡಿದ ಮನುಷ್ಯ ಅವರೇ ಎಂದು ನಂಬಲು ಆಗುತ್ತಿರಲಿಲ್ಲ. ನೂರಾಳನ್ನು ಗ್ರೇಸ್ ಕೈಗೆ ಕೊಟ್ಟು ಇಳಿದು ಓಡಿದೆ. ಲಾರೆನ್ಸಣ್ಣ ಸಾಕು ಎಂದು ಕೂಗಿದ್ದು ನೆನಪಿದೆ. ಅವರಿಗೆ ಕೇಳಿಸಲಿಲ್ಲ. ಸ್ಪ್ಯಾನರ್ ಮತ್ತೆ ಮೇಲೆದ್ದಿತು. ನಾನು ಬಿದ್ದವನ ಮೇಲೆ ಬಾಗಿ ಬಲಗೈ ಚಾಚಿದೆ.

ಮಣಿಕಟ್ಟಿನ ಮೂಳೆ ಮುರಿದದ್ದು ಮೊದಲು ಸದ್ದಾಗಿ ತಿಳಿಯಿತು, ನೋವು ಆಮೇಲೆ ಬಂತು. ಲಾರೆನ್ಸ್ ನನ್ನನ್ನು ಗುರುತಿಸಿದ್ದು ಆಗಲೇ. ಸ್ಪ್ಯಾನರ್ ಕೆಳಕ್ಕೆ ಬಿತ್ತು.

"ನೀವು ಯಾಕೆ ಮಧ್ಯ ಬಂದ್ರಿ ಟೀಚರೇ?" ಎಂದರು. ಗದರಿಕೆಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಹಾಗಿತ್ತು. ಹೇಳಿ ಅಲ್ಲೇ ರಸ್ತೆಯಂಚಿನಲ್ಲಿ ಕೂತುಬಿಟ್ಟರು. ಪೊಲೀಸರು ಬಂದಾಗಲೂ ಕೂತೇ ಇದ್ದರು.

ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟಿಗೆ ಪ್ಲೇಟ್ ಹಾಕಿದರು. ಆ ಮನುಷ್ಯನ ದವಡೆ ಎರಡು ಕಡೆ ಮುರಿದಿತ್ತು, ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತು. ಕೆಲವು ದಿನ ಬದುಕುವುದೇ ಅನುಮಾನವಾಗಿತ್ತು. ಲಾರೆನ್ಸ್ ಪೊಲೀಸರ ವಶದಲ್ಲಿದ್ದರು. ನೂರಾಳ ಕಣ್ಣು ಉಳಿಯಿತು, ಹುಬ್ಬಿಗೆ ಹೊಲಿಗೆ ಬಿತ್ತು.

ಅಷ್ಟರಲ್ಲಿ ಒಂದು ವಿಡಿಯೋ ಫೋನಿನಿಂದ ಫೋನಿಗೆ ಓಡಾಡತೊಡಗಿತ್ತು. ಎದುರಿನ ಕಟ್ಟಡದಿಂದ ಯಾರೋ ತೆಗೆದದ್ದು. ಗಲಾಟೆ ಕೇಳಿ ಅವರು ಬಾಲ್ಕನಿಗೆ ಬರುವ ಹೊತ್ತಿಗೆ ಮೊದಲರ್ಧ ಮುಗಿದಿತ್ತು. ನೆಲಕ್ಕೆ ಬಿದ್ದ ಮನುಷ್ಯನನ್ನು ಬಸ್ ಡ್ರೈವರ್ ಒಬ್ಬ ಕಬ್ಬಿಣದಿಂದ ಬಡಿಯುವುದಷ್ಟೇ ಅದರಲ್ಲಿತ್ತು. ಬಿದ್ದವನ ತಲೆಯ ಕಡೆ, ನಾನು ಹೋಗಿ ಬಾಗಿದ ಜಾಗ, ಕಾರಿನ ತೆರೆದ ಬಾಗಿಲ ಮರೆಗಿತ್ತು. ಬಸ್ಸಿನ ಕ್ಯಾಮೆರಾ ನೋಡುತ್ತಿದ್ದುದು ಮಕ್ಕಳ ಸೀಟುಗಳನ್ನು ಮಾತ್ರ. ಬಸ್ ಡ್ರೈವರೇ ಮೊದಲು ಇಳಿದುಬಂದು ಹೊಡೆದ, ಸ್ಪ್ಯಾನರ್ ಕೂಡ ಅವನದೇ, ಆಮೇಲೆ ತಾನೇ ಬಸ್ಸಿನ ಗಾಜು ಒಡೆದುಕೊಂಡ ಎಂದು ಆ ಮನುಷ್ಯನ ಕಡೆಯವರು ಹೇಳಿಕೆ ಕೊಟ್ಟರು.

ಸೀಟುಗಳ ನಡುವೆ ಮಕ್ಕಳನ್ನು ಹಿಡಿದು ಬಗ್ಗಿದ್ದ ಗ್ರೇಸ್ ಹೊರಗಿನದನ್ನು ಕಂಡಿರಲಿಲ್ಲ, ನನ್ನ ಹೇಳಿಕೆ ಇನ್ನೂ ಬಾಕಿಯಿತ್ತು. ಜುಲಿಯಾನಾ ನಮ್ಮ ಫ್ಲ್ಯಾಟಿಗೆ ಬಂದದ್ದು ಅದರ ಹಿಂದಿನ ದಿನ. ಅಡುಗೆಮನೆಯ ಯೂನಿಫಾರ್ಮ್‌ನಲ್ಲೇ ಬಂದಿದ್ದರು. ಕೂರಲಿಲ್ಲ.

"ಒಂದೇ ಮಾತು ಟೀಚರೇ. ನಿಮ್ಮ ಕೈ ಮುರಿದದ್ದು ಅವನು ಅಂತ ಹೇಳಿ. ನಿಮಗೆ ಹೊಡೆದದ್ದು ನೋಡಿ ಇವರಿಗೆ ತಲೆ ಕೆಟ್ಟಿತು ಅಂತ. ಅಷ್ಟು ಹೇಳಿದ್ರೆ ಇವರು ಬಚಾವ್."

ಅವರು ಮತ್ತೆ ಹೇಳಿದರು: "ನಿಮ್ಮ ಮಕ್ಕಳಿಗೋಸ್ಕರ ಇಳಿದದ್ದಲ್ವಾ ಅವರು?"

ಅದು ನಿಜವೇ ಆಗಿತ್ತು. ಶಾಲೆಯ ಆಡಳಿತ ನೋಡಿಕೊಳ್ಳುವವರೂ ಅಂದೇ ಫೋನ್ ಮಾಡಿ, ಒಬ್ಬ ಟೀಚರ್ ಮೇಲೆ ಹಲ್ಲೆಯಾಯಿತೆಂದರೆ ಪ್ರಕರಣದ ಸ್ವರೂಪವೇ ಬೇರೆಯಾಗುತ್ತದೆ ಎಂದು ಸುತ್ತುಬಳಸಿ ಸೂಚಿಸಿದ್ದರು. ಇಕ್ಬಾಲ್ ಕೂಡ ಜುಲಿಯಾನಾರ ಪಕ್ಷ. ಸ್ಪ್ಯಾನರ್ ಹಿಡಿದು ಮಕ್ಕಳ ಮೇಲೆ ಬಂದವನಿಗಾಗಿ ನಮ್ಮೂರ ಕಡೆಯ ಒಬ್ಬ ಒಳ್ಳೆಯ ಮನುಷ್ಯನನ್ನು ಜೈಲಿಗೆ ಹಾಕಿಸುತ್ತೀಯಾ ಎಂದು ಕೇಳಿದರು. ನಾನು ಬಹುಪಾಲು ಒಪ್ಪಿಯೇ ಇದ್ದೆ. ಆ ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ.

ಆ ಸಂಜೆಯೇ ನೂರಾ ತಾಯಿಯ ಜೊತೆ ನನ್ನನ್ನು ನೋಡಲು ಬಂದಳು. ತಾಯಿ ಖರ್ಜೂರದ ಡಬ್ಬಿ, ಗಾವಾ ಎಂಬ ಅರಬಿ ಕಾಫಿ ತುಂಬಿದ ಫ್ಲಾಸ್ಕ್ ತಂದಿದ್ದರು. ಹುಬ್ಬಿನ ಮೇಲೆ ಪಟ್ಟಿ ಇದ್ದ ಹುಡುಗಿ ನನ್ನ ಪ್ಲಾಸ್ಟರನ್ನು ಮೆಲ್ಲಗೆ ಮುಟ್ಟಿ ನೋಡಿದಳು. ನಂತರ ಇಂಗ್ಲಿಷಿನಲ್ಲಿ ಕೇಳಿದಳು: "ಮಿಸ್, ನಿಮ್ಮ ಕೈಗೆ ಹೊಡೆದದ್ದಕ್ಕೆ ಮಿಸ್ಟರ್ ಲಾರೆನ್ಸ್ ಸಾರಿ ಹೇಳಿದರಾ?"

ತಾಯಿ ಅವಳನ್ನು ಅರಬಿಯಲ್ಲಿ ಸುಮ್ಮನಿರಿಸಿದರು. ಆದರೂ ನೂರಾ ಮುಂದುವರಿಸಿದಳು: ಬಸ್ಸಿನ ಆ ಸಾಲಿನಲ್ಲಿದ್ದ ಎಲ್ಲರೂ ನೋಡಿದ್ದರಂತೆ. ಶಾಲೆಯಲ್ಲಿ ಎಲ್ಲರಿಗೂ ಗೊತ್ತಂತೆ. ಹುಡುಗರಿಬ್ಬರು ಅದನ್ನೇ ಆಟವಾಡಲು ಹೋಗಿ, ಒಬ್ಬ ಲಾರೆನ್ಸ್ ಆಗಿ ಸ್ಟೀಲ್ ಸ್ಕೇಲಿನಿಂದ ಹೊಡೆದು ಇನ್ನೊಬ್ಬನ ತುಟಿ ಸೀಳಿದ್ದನಂತೆ. ಹೊಡೆದವನಿಗೆ ಉಳಿದವರು ಚಪ್ಪಾಳೆ ತಟ್ಟಿದರು ಎಂದೂ ಹೇಳಿದಳು.

ಮಕ್ಕಳನ್ನು ಯಾರೂ ಸಾಕ್ಷಿಗೆ ಕರೆಯಲಾರರು, ಅದು ನನಗೆ ಗೊತ್ತಿತ್ತು. ಆದರೆ ನಾನು ಬೇರೆ ಕಥೆ ಹೇಳಿದರೆ ಅದು ಅವರಿಗೂ ತಲುಪುತ್ತದೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ ಎಂದು ವರ್ಷವಿಡೀ ಹೇಳಿದವಳು ನಾನು. ಒಳ್ಳೆಯವರು ಎಷ್ಟು ಹೊಡೆದರೂ ತಪ್ಪಿಲ್ಲ, ಹೊಡೆದದ್ದನ್ನು ದೊಡ್ಡವರು ಆಮೇಲೆ ಸರಿಪಡಿಸಿ ಹೇಳುತ್ತಾರೆ ಎಂದು ಒಂದು ಬಸ್ಸು ತುಂಬ ಮಕ್ಕಳು ಕಲಿತುಬಿಡುತ್ತಿದ್ದರು.

ಮರುದಿನ, ಮೊಕದ್ದಮೆ ಹೂಡುವ ಮೊದಲು ಸಾಕ್ಷ್ಯ ಪಡೆಯುವ ಪ್ರಾಸಿಕ್ಯೂಷನ್ ಕಚೇರಿಗೆ ಹೋದೆ. ನಾನು ಇಂಗ್ಲಿಷಿನಲ್ಲಿ ಹೇಳಬೇಕು, ಒಬ್ಬ ದುಭಾಷಿ ಅದನ್ನು ಅರಬಿಗೆ ತರಬೇಕು. ಮೊದಲ ಏಟಿನಿಂದ ಕೊನೆಯದರವರೆಗೆ ಒಂದನ್ನೂ ಬಿಡದೆ ಹೇಳಿದೆ. ಕೈ ಮುರಿದದ್ದು ಯಾರ ಪೆಟ್ಟಿನಿಂದ ಎಂಬಲ್ಲಿಗೆ ಬಂದಾಗ ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಇದು ನಿಮ್ಮ ಡ್ರೈವರಿಗೇ ವಿರುದ್ಧವಾಗುತ್ತದೆ, ತಿಳಿದು ಹೇಳುತ್ತಿದ್ದೀರಾ ಎಂದು ದುಭಾಷಿಯಿಂದ ಕೇಳಿಸಿದರು.

"ತಿಳಿದೇ ಹೇಳುತ್ತಿದ್ದೇನೆ" ಎಂದೆ. "ಆದರೆ ಸ್ಪ್ಯಾನರ್ ತಂದವನು, ಮೊದಲು ಹೊಡೆದವನು, ಮಗುವಿನ ಮೇಲೆ ಗಾಜು ಒಡೆದವನು ಅವನು. ಅದನ್ನೂ ಹೀಗೆಯೇ ಬರೆದುಕೊಳ್ಳಿ."

ಸುದ್ದಿ ಹರಡಲು ಹೊತ್ತಾಗಲಿಲ್ಲ. ಗೊತ್ತಿಲ್ಲದ ನಂಬರಿನಿಂದ ನಮ್ಮ ಕಡೆಯ ಕನ್ನಡದಲ್ಲೇ ಒಂದು ವಾಯ್ಸ್ ಮೆಸೇಜ್ ಬಂತು. ಇನ್ನೊಂದು ಕೈ ಉಂಟಲ್ಲ, ಅದನ್ನು ಜೋಪಾನ ಮಾಡಿಕೊಳ್ಳಿ ಎಂದಿತ್ತು. ಕೆಲವು ದಿನದ ನಂತರ ಪಾರ್ಕಿಂಗ್‌ನಲ್ಲಿದ್ದ ನಮ್ಮ ಕಾರಿನ ಹಿಂದಿನ ಗಾಜನ್ನು ಯಾರೋ ಕಲ್ಲು ಹಾಕಿ ಒಡೆದಿದ್ದರು. ಇಕ್ಬಾಲ್ ಗಾಜು ಗುಡಿಸಿ ಹಾಕಿದರು. ಅಂದಿನಿಂದ ಅವರೇ ನನ್ನನ್ನು ಶಾಲೆಗೆ ಬಿಟ್ಟು ಕರೆತರತೊಡಗಿದರು. ಹೆದರಿಕೆಯಿಂದ ನಾನು ಮನೆಯೊಳಗೂ ಕಿಟಕಿಯಿಂದ ದೂರ ಕೂರುತ್ತಿದ್ದೆ.

ಕೋರ್ಟಿನಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಮಕ್ಕಳಿದ್ದ ಬಸ್ಸಿನ ಮೇಲೆ ದಾಳಿ ಮಾಡಿದ್ದಕ್ಕಾಗಿ ಅವನಿಗೆ ಹೆಚ್ಚು, ಆತ್ಮರಕ್ಷಣೆಯ ಮಿತಿ ಮೀರಿದ್ದಕ್ಕಾಗಿ ಲಾರೆನ್ಸ್‌ಗೆ ಕಡಿಮೆ. ತನ್ನ ಕಡೆಯವನ ತಪ್ಪನ್ನೂ ಹೇಳಿದ ಸಾಕ್ಷಿಗೆ ಮೊದಲು ಹೊಡೆದವರು ಯಾರೆಂಬುದರಲ್ಲಿ ಸುಳ್ಳು ಹೇಳುವ ಕಾರಣವಿಲ್ಲ ಎಂದು ನ್ಯಾಯಾಲಯ ನನ್ನ ಮಾತನ್ನು ಒಪ್ಪಿಕೊಂಡಿತು ಎಂದು ವಕೀಲರು ಆಮೇಲೆ ತಿಳಿಸಿದರು. ಅದು ಜುಲಿಯಾನಾಗೆ ಸಮಾಧಾನ ಕೊಡುವ ಸಂಗತಿಯಾಗಿರಲಿಲ್ಲ. ಕೆಲವು ತಿಂಗಳ ಸೆರೆಯ ನಂತರ ಲಾರೆನ್ಸ್‌ರನ್ನು ಊರಿಗೆ ಕಳುಹಿಸಿದರು, ಮತ್ತೆ ಬಹ್ರೇನಿಗೆ ಬರುವಂತಿಲ್ಲ. ಜುಲಿಯಾನಾ ಕೆಲಸ ಬಿಟ್ಟು ಹಿಂದೆಯೇ ಹೊರಟರು. ಹೊರಡುವ ಮುನ್ನ ಅದ್ಲಿಯಾದ ಒಂದು ಅಂಗಡಿಯೆದುರು ಸಿಕ್ಕಾಗ ಅವರು ನನ್ನ ಪ್ಲಾಸ್ಟರ್ ತೆಗೆದ ಕೈಯನ್ನು ನೋಡಿ, ರಸ್ತೆ ದಾಟಿ ಆಚೆ ಹೋದರು.

ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ. ಮರುವರ್ಷದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಇಕ್ಬಾಲ್ ಬೇಡವೆಂದರೂ ಶಿರ್ವಕ್ಕೆ ಹೋದೆ. ಲಾರೆನ್ಸ್ ತಮ್ಮ ಭಾವನ ಬೇಕರಿಯಲ್ಲಿ ಕೆಲಸಕ್ಕಿದ್ದರು. ಡ್ರೈವಿಂಗ್ ಬಿಟ್ಟಿದ್ದರು. ಹಣೆಯಲ್ಲಿ ಉದ್ದನೆಯ ಗಾಯದ ಗುರುತು. ನನ್ನನ್ನು ನೋಡಿ ಕೈ ಒರೆಸಿಕೊಂಡು ಹೊರಬಂದರು. ಇಬ್ಬರೂ ಬೇಕರಿಯ ಮಗ್ಗುಲಿನ ಕಟ್ಟೆಯ ಮೇಲೆ ಕೂತೆವು.

ಜೈಲಿನಲ್ಲಿದ್ದಷ್ಟು ದಿನ ನನ್ನ ಮೇಲೆ ಸಿಟ್ಟಿತ್ತು ಎಂದರು. ಹೇಳದಿದ್ದರೆ ಆಗುತ್ತಿರಲಿಲ್ಲವೇ ಎಂದು ದಿನಾ ಅನಿಸುತ್ತಿತ್ತಂತೆ. ಜುಲಿಯಾನಾಗೆ ಈಗಲೂ ಸಿಟ್ಟಿದೆ, ಮನೆಗೆ ಕರೆಯಲಾರೆ, ಬೇಸರ ಮಾಡಬೇಡಿ ಎಂದರು. ಒಳಗೆ ಯಾರೋ ಟ್ರೇಗಳನ್ನು ಎಳೆಯುತ್ತಿದ್ದರು.

"ಒಂದು ಸಂಗತಿ ಕೋರ್ಟಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ" ಎಂದರು ಲಾರೆನ್ಸ್. "ಆ ಕಡೇ ಪೆಟ್ಟು ನಾನು ಅವನ ತಲೆಗೇ ಎತ್ತಿದ್ದು ಟೀಚರೇ. ಗೊತ್ತಿದ್ದೇ ಎತ್ತಿದ್ದು. ನಿಮ್ಮ ಕೈ ಬಂತು."

ಅಷ್ಟು ಹೇಳಿ ಅವರು ನನ್ನ ಬಲಗೈಯ ಕಡೆ ನೋಡಿದರು. ಸಾರಿ ಎಂದು ಹೇಳಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಒಳಗೆ ಹೋಗಿ ಒಂದು ಪೊಟ್ಟಣದಲ್ಲಿ ಬಿಸಿ ಬನ್ನು ಕಟ್ಟಿಸಿ ತಂದುಕೊಟ್ಟರು.

ನಾನು ಈಗಲೂ ಅದೇ ದೇಶದಲ್ಲಿ, ಅದೇ ವಯಸ್ಸಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಕ್ರೂರಿಯಾದವನು ಹೊಡೆಯುವುದನ್ನು ಮಕ್ಕಳು ಬೇಗ ಮರೆಯುತ್ತಾರೆ, ತಮಗೆ ಪ್ರಿಯರಾದವರು ಹೊಡೆಯುವುದನ್ನು ಮರೆಯುವುದಿಲ್ಲ. ಅದನ್ನು ನೋಡಿ ಅವರು ಏನು ಕಲಿಯುತ್ತಾರೆ ಎಂಬುದು ಏಟಿನಷ್ಟೇ ಆಮೇಲೆ ನಾವು ಅದರ ಬಗ್ಗೆ ಆಡುವ ಮಾತನ್ನೂ ಅವಲಂಬಿಸಿದೆ. ಎತ್ತಿದ ಕೈಯನ್ನು ತಡೆಯಲು ನನಗೆ ಒಂದು ಗಳಿಗೆಯೂ ಯೋಚಿಸಬೇಕಾಗಲಿಲ್ಲ. ಅದು ಯಾರ ಕೈ ಎಂದು ಹೇಳುವುದಕ್ಕೆ ನನ್ನೆಲ್ಲ ಧೈರ್ಯವೂ ಬೇಕಾಯಿತು.